ನುಮೇರಿಯಸನ ನಾಲ್ಕನೆಯ ಹೆಸರು

ಮನುಷ್ಯನಿಗೆ ಮೂರು ಮೂರು ಹೆಸರಿದ್ದೂ ಒಂದೂ ಪ್ರಯೋಜನಕ್ಕೆ ಬಾರದಿದ್ದರೆ ಅವನು ಯಾರ ಹತ್ತಿರ ಹೋಗಿ ಅಳಬೇಕು? ರೋಮಿನ ಅವೆಂಟಿನ್ ಗುಡ್ಡದ ಇಳಿಜಾರಿನಲ್ಲಿ ಸಂಸಾರ ಹೂಡಿದ್ದ ನುಮೇರಿಯಸ್ ಒಬೆಲ್ಲಿಯಸ್ ರಾಫನಸ್ ಎಂಬ ಗೃಹಸ್ಥ ದಿನವೂ ಬೆಳಿಗ್ಗೆ ಮುಖ ತೊಳೆಯುವಾಗ ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಇದು.

ಮೊದಲನೆಯ ಹೆಸರಿನ ಮಾತು ಬಿಡಿ. ರೋಮಿನಲ್ಲಿ ಗಂಡುಮಕ್ಕಳಿಗೆ ಇಡಲಿಕ್ಕೆ ಇರುವ ಹೆಸರುಗಳೇ ಹದಿನೇಳೋ ಹದಿನೆಂಟೋ. ಸಂತೆಯಲ್ಲಿ ನಿಂತು ‘ಲೂಸಿಯಸ್!’ ಎಂದು ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ. ಇನ್ನರ್ಧ ಸಂತೆ ‘ಗಾಯಸ್!’ ಎಂದು ಯಾವಾಗ ಕೂಗುತ್ತಾರೋ ಎಂದು ಕಾಯುತ್ತಿರುತ್ತದೆ. ಎರಡನೆಯದು ಮನೆತನದ ಹೆಸರು. ಅಪ್ಪನಿಂದ ಬಂದದ್ದು, ಅದರಲ್ಲಿ ಇವನ ಹೆಚ್ಚುಗಾರಿಕೆ ಏನೂ ಇಲ್ಲ. ಗುರುತಿಗೆ ಉಳಿಯುವುದು ಮೂರನೆಯದು, ಅಂದರೆ ಅಡ್ಡಹೆಸರು. ಅದನ್ನು ಇಡುವವರು ಹೆತ್ತವರಲ್ಲ, ಓಣಿಯ ಜನ. ಓಣಿಯ ಜನಕ್ಕೆ ಕರುಣೆ ಎಂಬುದು ಎಲ್ಲಾದರೂ ಉಂಟೆ? ಮೆಳ್ಳೆಗಣ್ಣ, ಗೂನ, ನರೂಲಿಮುಖದವ, ಡೊಳ್ಳುಹೊಟ್ಟೆಯವ! ಒಮ್ಮೆ ಅಂಟಿತೆಂದರೆ ಹೊಲಮನೆಯ ಹಾಗೆ ಮಗನಿಗೆ, ಮೊಮ್ಮಗನಿಗೆ ಪಿತ್ರಾರ್ಜಿತವಾಗಿ ಇಳಿಯುತ್ತದೆ. ನುಮೇರಿಯಸನ ತಾತ ಒಂದು ವರ್ಷ ಎಳೆಮಗುವಿನ ಗಾತ್ರದ ಮೂಲಂಗಿ ಬೆಳೆದು, ಅದನ್ನು ಕಂಕುಳಲ್ಲಿ ಎತ್ತಿಕೊಂಡು ಊರೆಲ್ಲ ಮೆರೆಸಿದ್ದ. ಮೂಲಂಗಿಯನ್ನು ಆ ವಾರವೇ ತಿಂದು ಅರಗಿಸಿಕೊಂಡರು. ಹೆಸರು ಮಾತ್ರ ಮೂರು ತಲೆಮಾರಾದರೂ ಅರಗಲಿಲ್ಲ. ರಾಫನಸ್ ಎಂದರೆ ಮೂಲಂಗಿ.

ಇಷ್ಟು ದಿನ ಹೇಗೋ ನಡೆದುಕೊಂಡು ಬಂದಿತ್ತು. ಈಗ ಹಿರಿಯ ಮಗಳಿಗೆ ಒಂದು ಒಳ್ಳೆಯ ಸಂಬಂಧ ಕೂಡಿಬರುವುದರಲ್ಲಿತ್ತು. ಹುಡುಗ ಪೊಂಟಿಡಿಯಸ್ ಕಾಲ್ವಸನ ಒಬ್ಬನೇ ಮಗ. ಕಾಲ್ವಸ್ ಎಂದರೆ ಬೊಕ್ಕತಲೆ. (ಕಾಲ್ವಸನ ತಲೆಯಲ್ಲಿ ಕುರಿಯ ತುಪ್ಪಟದಂಥ ಕೂದಲು ಇತ್ತು. ಬೋಳಾಗಿದ್ದದ್ದು ಅವನ ಮುತ್ತಾತನ ತಲೆ. ಆದರೆ ಓಣಿಯ ಜನ ಇಂಥ ಸಣ್ಣಪುಟ್ಟ ಬದಲಾವಣೆಗಳನ್ನು ಗಮನಿಸುವುದಿಲ್ಲ.) ಬೊಕ್ಕತಲೆಯೇನೋ ಒಪ್ಪಿದ್ದ. ಅವನ ಹೆಂಡತಿ ತುರ್ಪಿಲಿಯಾ ಮಾತ್ರ ಸ್ನಾನಗೃಹದಲ್ಲಿ ನಾಲ್ಕು ಹೆಂಗಸರ ಮುಂದೆ ಮೂಗು ಮುರಿದಿದ್ದಳಂತೆ: “ಹುಡುಗಿ ಲಕ್ಷಣವಾಗಿದ್ದಾಳೆ, ಇಲ್ಲ ಅನ್ನಲ್ಲ. ಆದ್ರೆ ಹೋಗೀ ಹೋಗೀ ಮೂಲಂಗಿಯವರ ಬೀಗಿತ್ತಿ ಅನ್ನಿಸ್ಕೊಳ್ಲಾ? ಬಾಯಲ್ಲಿ ಹೇಳಿದ್ರೇ ತೇಗು ಬಂದಂಗಾಗುತ್ತೆ.”

ಈ ಮಾತು ಕಿವಿಗೆ ಬಿದ್ದ ದಿನ ನುಮೇರಿಯಸ್ ಊಟ ಬಿಟ್ಟ. ಮಾರನೆಯ ದಿನ ಅವನ ತಲೆಗೊಂದು ದಿವ್ಯಾಲೋಚನೆ ಹೊಳೆದು, ಎರಡು ದಿನದ ಊಟವನ್ನು ಒಟ್ಟಿಗೆ ಮುಗಿಸಿದ.

“ಇವಳೇ, ನಾನು ನಾಲ್ಕನೇ ಹೆಸರು ತಗೋತೀನಿ!”

ಹೆಂಡತಿ ವಿಬಿದಿಯಾ ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. “ತಗೊಳ್ಳಿ. ಬರ್ತಾ ಹಾಗೇ ಒಂದು ಕಟ್ಟು ಸೊಪ್ಪೂ ತಗೊಂಡ್ಬನ್ನಿ.”

“ತಮಾಷೆ ಅಲ್ಲ ಕಣೇ. ದೇಶ ಗೆದ್ದೋರಿಗೆ ಆ ದೇಶದ ಹೆಸರು, ಕೋಟೆ ಗೆದ್ದೋರಿಗೆ ಆ ಕೋಟೆ ಹೆಸರು, ಬಿರುದು ಅಂತ ಕೊಡೋದಿಲ್ವಾ? ನಾನೂ ಒಂದು ಕೋಟೆ ಗೆದ್ದಿದೀನಿ.”

“ಯಾವಾಗ?”

“ಹೋದ ಸಲ ಲಿಗೂರಿಯಾ ಬೆಟ್ಟಕ್ಕೆ ದಂಡು ಹೋದಾಗ.”

“ನೀವು ಹೇಸರಗತ್ತೆ ಮೇಯ್ಸೋಕಲ್ವಾ ಹೋಗಿದ್ದು?”

“ಮೇಯ್ಸೋದಲ್ಲ! ದಂಡಿನ ಸಮಸ್ತ ಹೇಸರಗತ್ತೆಗಳ ಮೇಲುಸ್ತುವಾರಿ!” ನುಮೇರಿಯಸ್ ಗಂಟಲು ಸರಿಮಾಡಿಕೊಂಡ. “ಆ ಬೆಟ್ಟದ ತುದೀಲಿ ಬರ್ಗುಲ್ಲಾ ಅಂತ ಒಂದು ದುರ್ಗ. ಇಡೀ ಸೈನ್ಯಕ್ಕಿಂತ ಮೊದಲು ಅದರ ಗೋಡೆ ಏರಿದವನು ಯಾರು? ಈ ನುಮೇರಿಯಸ್! ಸಾಯಂಕಾಲ ಸೈನಿಕರೆಲ್ಲ ಗುರಾಣಿ ಬಡಿದು ‘ಬರ್ಗುಲ್ಲಾನಸ್! ಬರ್ಗುಲ್ಲಾನಸ್!’ ಅಂತ ಜಯಕಾರ ಹಾಕಿದ್ರು. ಸುಳ್ಳಾದ್ರೆ ಮನೆದೇವರ ಮೇಲಾಣೆ.”

ಆಣೆ ಸುಳ್ಳಲ್ಲ. ಸೈನಿಕರು ಕೂಗಿದ್ದು ನಿಜ, ಗುರಾಣಿ ಬಡಿದದ್ದೂ ನಿಜ. ಹಾಗೆ ಕೂಗುವಾಗ ಅವರಲ್ಲಿ ಕೆಲವರು ನೆಲಕ್ಕೆ ಬಿದ್ದು ಹೊಟ್ಟೆ ಹಿಡಿದುಕೊಂಡಿದ್ದರು ಎಂಬುದನ್ನು ಮಾತ್ರ ಅವನು ಹೇಳಲಿಲ್ಲ. ಹೊಟ್ಟೆನೋವಿರಬಹುದು ಎಂದು ತನ್ನಷ್ಟಕ್ಕೆ ತೀರ್ಮಾನಿಸಿಕೊಂಡಿದ್ದ.

“ಏನಂದ್ರಿ ಊರ ಹೆಸರು? ಬರೀ ಗುಲ್ಲಾ?”

“ಬರೀ ಗುಲ್ಲಲ್ಲ, ಬರ್ಗುಲ್ಲಾ!”

“ನಂಗೇನೋ ಹಾಗೇ ಕೇಳ್ಸುತ್ತೆ.” ವಿಬಿದಿಯಾ ಮೊರವನ್ನು ಪಕ್ಕಕ್ಕಿಟ್ಟಳು. “ಅಲ್ರೀ, ಮೂರಿರೋದು ಸಾಲ್ದು ಅಂತ ನಿಮಗೆ ನಾಲ್ಕನೇದು. ನಾನು ಹೆತ್ತ ಮೂರು ಹೆಣ್ಣಿಗೆ ಸೇರಿ ಒಂದೇ ಹೆಸರು! ದೊಡ್ಡ ಒಬೆಲ್ಲಿಯಾ, ನಡು ಒಬೆಲ್ಲಿಯಾ, ಚಿಕ್ಕ ಒಬೆಲ್ಲಿಯಾ. ಅಪ್ಪನ ಮನೆತನದ ಹೆಸರಿಗೆ ಒಂದು ಬಾಲ ಅಂಟಿಸಿದ್ರೆ ಹೆಣ್ಣಿಗೆ ಸಾಕು. ನಮ್ಮಪ್ಪನ ಮನೇಲಿ ನಾವೈದು ಜನ ವಿಬಿದಿಯಾಗಳು, ನಾನು ಮೂರನೇದು. ಅಮ್ಮ ಕೂಗಿದ್ರೆ ಕೆಲಸ ಇದ್ರೆ ಯಾರೂ ಬರ್ತಿರ್ಲಿಲ್ಲ, ತಿಂಡಿ ಇದ್ರೆ ಐದೂ ಜನ ಓಡ್ತಿದ್ವಿ.”

“ಹೆಂಗಸರಿಗೆ ಹೆಸರು ಯಾಕೆ? ಅವರೇನು ಕೋಟೆ ಹತ್ತಬೇಕಾ?” ಎಂದು ಹೇಳಿ ನುಮೇರಿಯಸ್ ಬೀದಿಗೆ ಇಳಿದ. (ಇಳಿದದ್ದು ಒಳ್ಳೆಯದೇ ಆಯಿತು. ಮೊರ ಅವಳ ಕೈಗೆಟುಕುವಷ್ಟು ದೂರದಲ್ಲೇ ಇತ್ತು.)

ಬಿರುದು ಕೊಡಬೇಕಾದವರು ಸೆನೆಟ್ ಸಭೆಯವರು. ಆದರೆ ಅವರಿಗೆ ಹೇಸರಗತ್ತೆಯ ಉಸ್ತುವಾರಿಯ ನೆನಪು ಬರಬೇಕಾದರೆ ಇನ್ನೂ ನೂರು ವರ್ಷ ಬೇಕು. ಅಷ್ಟರಲ್ಲಿ ಮಗಳು ಮುದುಕಿಯಾಗಿರುತ್ತಾಳೆ. ಆದ್ದರಿಂದ ನುಮೇರಿಯಸ್ ಅಡ್ಡದಾರಿ ಹಿಡಿದ. ಪೇಟೆಯಲ್ಲಿ ಯೂಟಿಕಸ್ ಎಂಬ ಗ್ರೀಕ ಇದ್ದ. ದೊಡ್ಡ ಮನುಷ್ಯರ ಬೆನ್ನ ಹಿಂದೆ ನಡೆಯುತ್ತ, ಎದುರಿಗೆ ಬರುವವರ ಹೆಸರನ್ನು ಅವರ ಕಿವಿಯಲ್ಲಿ ಪಿಸುಗುಟ್ಟುವುದು ಅವನ ಕಸುಬು. ಆದರೆ ಅವನ ಕಂಠ ಶಂಖದಂಥದ್ದು. ಅವನು ಪಿಸುಗುಟ್ಟಿದರೆ ಎರಡು ಬೀದಿಯಾಚೆ ಕೇಳಿಸುತ್ತಿತ್ತು. ಹೀಗಾಗಿ ಅವನನ್ನು ಇಟ್ಟುಕೊಂಡವರೆಲ್ಲ ಬಿಟ್ಟಿದ್ದರು. ನುಮೇರಿಯಸನಿಗೆ ಬೇಕಾಗಿದ್ದದ್ದು ಅಂಥವನೇ.

“ನೋಡಪ್ಪ, ನೀನು ಎದುರಿಗೆ ಬರೋರ ಹೆಸರು ನನಗೆ ಹೇಳೋದು ಬೇಡ. ನನ್ನ ಹೆಸರು ಎದುರಿಗೆ ಬರೋರಿಗೆ ಹೇಳು.”

ಮರುದಿನ ತರಕಾರಿ ಪೇಟೆಯಲ್ಲಿ ಸಿಡಿಲು ಬಡಿದಂತಾಯಿತು. “ದಾರಿ ಬಿಡಿ! ಗೋಡೆ ಏರಿದ ಧೀರ, ದುರ್ಗ ಮುರಿದ ಶೂರ, ನುಮೇರಿಯಸ್ ಒಬೆಲ್ಲಿಯಸ್ ಬರ್ಗುಲ್ಲಾನಸ್ ಬರ್ತಿದಾರೆ!” ಪಾರಿವಾಳಗಳು ಚಾವಣಿ ಬಿಟ್ಟು ಹಾರಿದವು. ಮೊಟ್ಟೆ ಮಾರುವವಳ ಕೈಯಿಂದ ಬುಟ್ಟಿ ಜಾರಿತು. ಬರ್ಗುಲ್ಲಾ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. “ಓಹೋ, ಬರ್ಗುಲ್ಲಾ ತಾನೆ? ನಮ್ಮ ಷಡ್ಡಕ ಹೇಳ್ತಿದ್ದ, ಭಾರೀ ಕೋಟೆಯಂತೆ” ಎಂದ ಕ್ಷೌರಿಕ. ಅಲ್ಲಿಗೆ ಕೆಲಸ ಮುಗಿಯಿತು. ಕ್ಷೌರಿಕನ ಬಾಯಿಗೆ ಬಿದ್ದದ್ದು ಸೆನೆಟ್ಟಿನ ನಿರ್ಣಯಕ್ಕಿಂತ ಬೇಗ ಊರು ತುಂಬುತ್ತದೆ. ತಿಂಗಳೊಳಗೆ ಮೂಲಂಗಿ ಎಂಬ ಮಾತು ಅಡುಗೆಮನೆಗಷ್ಟೇ ಸೀಮಿತವಾಯಿತು. ತುರ್ಪಿಲಿಯಾ ಸ್ನಾನಗೃಹದಲ್ಲಿ ಅದೇ ನಾಲ್ಕು ಹೆಂಗಸರ ಮುಂದೆ, “ನಮ್ಮ ಬೀಗರು ಬರ್ಗುಲ್ಲಾನಸರು ಇದಾರಲ್ಲ...” ಎಂದು ಶುರುಮಾಡಿದ್ದಳು. ನಿಶ್ಚಿತಾರ್ಥದ ದಿನವೂ ಗೊತ್ತಾಯಿತು.

ಆ ದಿನ ಒಳಾಂಗಳದ ತುಂಬ ಹೂವಿನ ಸರ. ಬೀಗರು ಮಂಚಗಳ ಮೇಲೆ ಒರಗಿ ಜೇನು ಸವರಿದ ಹಂದಿಮಾಂಸ ಸವಿಯುತ್ತಿದ್ದರು. ನುಮೇರಿಯಸ್ ಬರ್ಗುಲ್ಲಾ ಗೋಡೆಯ ಎತ್ತರವನ್ನು ವರ್ಣಿಸುತ್ತಿದ್ದ. (ಹಿಂದಿನ ವಾರ ಎರಡಾಳೆತ್ತರವಿದ್ದದ್ದು ಈಗ ನಾಲ್ಕಾಗಿತ್ತು.) ಅಷ್ಟರಲ್ಲಿ ಬಾಗಿಲಲ್ಲಿ ಗಲಾಟೆ. ಮೇಕೆಚರ್ಮ ಹೊದ್ದ ನಾಲ್ಕು ಜನ ಗಂಡಸರು, ಕಡ್ಡಿಯಂಥ ಒಬ್ಬಳು ಮುದುಕಿ, ಅವಳ ಹಿಂದೆ ಒಂದು ಮೇಕೆ, ಎಲ್ಲರೂ ಒಟ್ಟಿಗೆ ಒಳಕ್ಕೆ ನುಗ್ಗಿದರು.

“ಬರ್ಗುಲ್ಲಾನಸಪ್ಪನ ಮನೆ ಇದೇಯೇನ್ರಪ್ಪಾ?” ಎಂದಳು ಮುದುಕಿ. “ನಾವು ಬರ್ಗುಲ್ಲಾದೋರು. ನಾನು ಎನಿಕಾ. ಗೆದ್ದೋನೇ ಗೆದ್ದೂರಿಗೆ ದಿಕ್ಕು ಅಂತಲ್ವಾ ನಿಮ್ಮ ರೋಮಿನ ಪದ್ಧತಿ? ನಮ್ಮ ದಿಕ್ಕನ್ನ ಹುಡುಕ್ಕೊಂಡು ಬಂದ್ವಿ. ಕಷ್ಟ ಆಗಲಿಲ್ಲ ಬಿಡಿ, ಊರ ಬಾಗಿಲಲ್ಲೇ ಯಾರೋ ನಿಮ್ಮ ಹೆಸರು ಅರಚ್ತಾ ಇದ್ದ.”

ತುರ್ಪಿಲಿಯಾಳ ಕಣ್ಣು ಅರಳಿತು. ಬೀಗರ ಕಾಲಿಗೆ ಬೀಳಲು ಒಂದು ಊರಿಗೆ ಊರೇ ಬಂದಿದೆ! ನುಮೇರಿಯಸನ ಎದೆ ಇನ್ನೇನು ಉಬ್ಬಬೇಕು, ಅಷ್ಟರಲ್ಲಿ ಮುದುಕಿ ಹತ್ತಿರ ಬಂದು ಅವನ ಮುಖವನ್ನು ದಿಟ್ಟಿಸಿದಳು.

“ಅಯ್ಯೋ! ನೀನೇನ್ಲಾ ಅದು?”

“ಬನ್ನಿ ಅಜ್ಜೀ, ಬನ್ನಿ, ದಣಿದಿದೀರಿ, ಮೊದಲು ಊಟ!” ಎಂದು ನುಮೇರಿಯಸ್ ಅವಳ ಬಾಯಿಗೆ ಒಂದು ಇಡೀ ಅಂಜೂರ ತುರುಕಿ, ಐವರನ್ನೂ ಅಡುಗೆಮನೆಗೆ ದಾಟಿಸಿದ. ಅವರು ಹೋದ ಮೇಲೆ ನೋಡಿದರೆ ಹುಡುಗನ ಕೊರಳಿನ ಹೂಮಾಲೆಯಲ್ಲಿ ಅರ್ಧ ಇರಲಿಲ್ಲ. ಮೇಕೆ ನಿಧಾನವಾಗಿ ಮೆಲುಕು ಹಾಕುತ್ತಿತ್ತು.

ಅಡುಗೆಮನೆಯಲ್ಲಿ ವಿಬಿದಿಯಾ ಬಂದವರಿಗೆ ಬಡಿಸಿ, ಎದುರಿಗೆ ಕುಳಿತು, ಅವರ ಕಷ್ಟ ಕೇಳಿದಳು. ಬೆಟ್ಟದ ಮೇಲಿನ ಹುಲ್ಲುಗಾವಲೇ ಅವರ ಜೀವ. ಈಗ ರೋಮಿನ ದನದ ಸಾಹುಕಾರನೊಬ್ಬ ಅಲ್ಲಿ ತನ್ನ ಇನ್ನೂರು ದನ ಬಿಟ್ಟಿದ್ದ. ಕೇಳಲು ಹೋದರೆ, ‘ಕೈಮುಗಿದು ಶರಣಾದ ಊರಾಗಿದ್ರೆ ಹುಲ್ಲುಗಾವಲು ನಿಮ್ಮದೇ. ಕತ್ತಿ ಹಿಡಿದು ಕಾದಾಡಿ ಸೋತ ಊರಿನ ನೆಲ ರೋಮಿಗೆ ಸೇರಿದ್ದು, ಅದನ್ನ ನಾನು ಗುತ್ತಿಗೆಗೆ ಹಿಡಿದಿದೀನಿ’ ಎಂದಿದ್ದ. ಎರಡು ದಿನಕ್ಕೆ ಫೋರಂ ಚೌಕದಲ್ಲಿ ನ್ಯಾಯಾಧಿಕಾರಿಯ ಮುಂದೆ ವಿಚಾರಣೆ.

“ಕಾದಾಟ ನಡೀತು ಅನ್ನೋಕೆ ಅವನ ಹತ್ರ ಸಾಕ್ಷಿ ಏನಿದೆ?” ಎಂದಳು ವಿಬಿದಿಯಾ.

“ನಿನ್ನ ಗಂಡನ ಹೆಸರೇ ಸಾಕ್ಷಿ ಕಣವ್ವಾ. ‘ಯುದ್ಧ ಇಲ್ದಿದ್ರೆ ಆ ಬರ್ಗುಲ್ಲಾನಸ್ ಎಲ್ಲಿಂದ ಬಂದ?’ ಅಂತಾನೆ.”

ವಿಬಿದಿಯಾ ಮುದುಕಿಯ ಪಕ್ಕಕ್ಕೆ ಸರಿದು, “ಅಜ್ಜೀ, ಅಲ್ಲಿ ನಿಜವಾಗಿ ಏನು ನಡೀತು?” ಎಂದು ಕೇಳಿದಳು. ಎನಿಕಾ ಅವಳ ಕಿವಿಯಲ್ಲಿ ಹೇಳಿದಳು. ಕೇಳುತ್ತ ಕೇಳುತ್ತ ವಿಬಿದಿಯಾ ಹಿಟ್ಟಿನ ಡಬ್ಬದ ಮೇಲೆ ಕುಸಿದು, ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ಕೇಳಿದಳು: “ಎನಿಕಾ ಅಂದ್ರೆ ನಿಮ್ಮಪ್ಪನ ಹೆಸರಾ?”

“ನಮ್ಮಪ್ಪನ ಹೆಸರು ನಂಗ್ಯಾಕೆ? ಎನಿಕಾ ಅಂದ್ರೆ ನಾನು.”

“ನಿಮಗೇ ಅಂತ ಇಟ್ಟಿದ್ದಾ? ನಿಮ್ಮೊಬ್ರಿಗೇ?”

“ಮತ್ತೆ? ಮೇಕೆಗೂ ಸೇರ್ಸಿ ಇಡ್ತಾರಾ?”

ವಿಬಿದಿಯಾ ಮುದುಕಿಯ ತಟ್ಟೆಗೆ ಇನ್ನೆರಡು ತುಂಡು ಮಾಂಸ ಹಾಕಿದಳು.

ಮರುದಿನ ಬೆಳಿಗ್ಗೆ ಗಂಡಹೆಂಡಿರ ಮಹಾಯುದ್ಧ ನಡೆಯಿತು.

“ನೀವು ಫೋರಂಗೆ ಹೋಗಿ ನಿಜ ಹೇಳ್ಬೇಕು.”

“ಹುಚ್ಚು ಹಿಡಿದಿದೆಯಾ? ನಿಜ ಹೇಳಿದ್ರೆ ನನ್ನ ಹೆಸರು ಹೋಗುತ್ತೆ!”

“ಹೇಳ್ದಿದ್ರೆ ಅವರ ಹುಲ್ಲು ಹೋಗುತ್ತೆ.”

“ಮಗಳ ಸಂಬಂಧ ಮುರಿದು ಬಿದ್ರೆ? ಆ ತುರ್ಪಿಲಿಯಾ ಬಿಡ್ತಾಳಾ?”

ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದ ಹಿರಿಯ ಮಗಳು ಒಳಗೆ ಬಂದಳು.

“ಅಪ್ಪಾ, ಒಂದು ಊರಿನ ಹೊಟ್ಟೆ ಮೇಲೆ ಹೊಡೆದು ನನಗೆ ಮದುವೆ ಬೇಡ. ಅಷ್ಟಕ್ಕೂ ಹುಡುಗ ನೋಡಿದ್ದು ನನ್ನನ್ನ. ನಿಮ್ಮ ಕೋಟೆನಲ್ಲ.”

“ಕೇಳಿದ್ರಲ್ಲ” ಎಂದಳು ವಿಬಿದಿಯಾ. “ನೀವು ಹೇಳಿದ್ರೆ ಸರಿ. ಇಲ್ಲಾಂದ್ರೆ ಅಜ್ಜಿ ಹೇಳ್ತಾಳೆ, ಅಭಿನಯ ಸಮೇತ.”

ವಿಚಾರಣೆಯ ದಿನ ಫೋರಂ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬರ್ಗುಲ್ಲಾ ವೀರನ ಬಾಯಿಂದಲೇ ಯುದ್ಧದ ಕಥೆ ಕೇಳಬಹುದೆಂದು ಕ್ಷೌರಿಕ ಅಂಗಡಿ ಮುಚ್ಚಿಕೊಂಡು ಬಂದಿದ್ದ. ಬೊಕ್ಕತಲೆಯವರು ಕುಟುಂಬ ಸಮೇತ ಮುಂದಿನ ಸಾಲಿನಲ್ಲೇ ನಿಂತಿದ್ದರು. ಸಾಹುಕಾರನ ವಕೀಲ ತೋಳು ಬೀಸಿ ಹೇಳಿದ: “ಯುದ್ಧ ನಡೆಯಿತೇ ಎಂದು ಕೇಳುವಿರಾ? ಇಡೀ ರೋಮ್ ಯಾರನ್ನು ಬರ್ಗುಲ್ಲಾನಸ್ ಎನ್ನುತ್ತದೋ, ಆ ಮಹಾಶಯರೇ ಇಲ್ಲಿ ನಿಂತಿದ್ದಾರೆ!” ಹೇಳಿಕೊಡದಿದ್ದರೂ ಯೂಟಿಕಸ್ ಅಭ್ಯಾಸಬಲದಿಂದ “ಗೋಡೆ ಏರಿದ ಧೀರ!” ಎಂದು ಮೊಳಗಿದ. ಜನ ಚಪ್ಪಾಳೆ ತಟ್ಟಿದರು.

ನುಮೇರಿಯಸ್ ಟೋಗಾದ ಅಂಚು ಹಿಡಿದುಕೊಂಡು ಮುಂದೆ ಬಂದ. ಇಷ್ಟು ಜನ ಅವನಿಗಾಗಿ ಚಪ್ಪಾಳೆ ತಟ್ಟಿದ್ದು ಹುಟ್ಟಿದಾರಭ್ಯ ಅದೇ ಮೊದಲು. ಇನ್ನೊಂದು ಗಳಿಗೆ ಅದನ್ನು ಕೇಳುತ್ತ ನಿಲ್ಲಬೇಕೆನಿಸಿತು. ಗುಂಪಿನ ಅಂಚಿನಲ್ಲಿ ಆ ನಾಲ್ಕು ಜನ ಮೇಕೆಚರ್ಮದವರು ಕೈಕಟ್ಟಿ, ಅವನನ್ನೇ ನೋಡುತ್ತ ನಿಂತಿದ್ದರು. ಅವರಿಗೆ ಚಪ್ಪಾಳೆ ಯಾಕೆಂದು ಅರ್ಥವಾದಂತಿರಲಿಲ್ಲ.

“ಯುದ್ಧ ನಡೀತೇನಪ್ಪ?” ಎಂದ ನ್ಯಾಯಾಧಿಕಾರಿ.

“ಒಂದು ಥರದ್ದು...”

“ಆ ಕಡೆ ಸತ್ತವರು ಎಷ್ಟು?”

“ಯಾರೂ ಇಲ್ಲ, ಸ್ವಾಮಿ.”

“ನಮ್ಮ ಕಡೆ?”

“ಇಲ್ಲ.”

“ಗಾಯ ಆದವರು?”

“ಒಬ್ಬರು.”

“ಯಾರು?”

“ನಾನೇ.”

“ಯಾವ ಆಯುಧದಿಂದ?”

“ಸೌಟು.”

ಆಮೇಲೆ ನುಮೇರಿಯಸ್ ಕಣ್ಣು ಮುಚ್ಚಿಕೊಂಡು, ತಣ್ಣೀರಿಗೆ ಹಾರುವವನಂತೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಒಂದು ಹೇಸರಗತ್ತೆ ತಪ್ಪಿಸಿಕೊಂಡಿತ್ತು. ಅದನ್ನು ಹುಡುಕುತ್ತ ಹೋದರೆ ಬರ್ಗುಲ್ಲಾ ಎಂಬ ಮೂವತ್ತು ಗುಡಿಸಲಿನ ಊರು. ಜನವೆಲ್ಲ ಮಂದೆಯ ಜೊತೆ ಮೇಲಿನ ಹುಲ್ಲುಗಾವಲಿಗೆ ಹೋಗಿದ್ದರು. ಊರಬಾಗಿಲು ಹಾರುಹೊಡೆದಿತ್ತು. ಕತ್ತೆ ಈ ಅಜ್ಜಿಯ ಕೋಸಿನ ಪಾತಿಯಲ್ಲಿ ನಿಂತು ಮೇಯುತ್ತಿತ್ತು. ಅದನ್ನು ಎಳೆಯಲು ಹೋದಾಗ ಅಜ್ಜಿ ಇವನೂ ಮೇಯಲು ಬಂದವನೆಂದು ತಿಳಿದು ಸೌಟು ತೆಗೆದುಕೊಂಡಳು. ಇವನು ಓಡಿದ, ಅವಳು ಅಟ್ಟಿದಳು, ಇವನು ಗೋಡೆ ಏರಿದ. ಸೈನ್ಯ ಬಂದು ನೋಡಿದಾಗ ಇವನು ಗೋಡೆಯ ಮೇಲೆ, ಅವಳು ಕೆಳಗೆ. ಸಂಜೆ ಊರವರು ಇಳಿದು ಬಂದು ದಂಡನಾಯಕನಿಗೆ ಕೈಮುಗಿದು ಶರಣಾದರು, ಹಾಲು ಕಾಸಿ ಕೊಟ್ಟರು.

“ಗೋಡೆ ಎಷ್ಟು ಎತ್ತರ ಇತ್ತು?” ಎಂದು ಹಿಂದಿನಿಂದ ಕ್ಷೌರಿಕ ಕೂಗಿದ.

“ನನ್ನ ಸೊಂಟದಷ್ಟು” ಎಂದ ನುಮೇರಿಯಸ್. ನಿಜ ಹೇಳಲು ಶುರುಮಾಡಿದವನಿಗೆ ನಿಲ್ಲಿಸುವುದು ಹೇಗೆಂದು ತಿಳಿಯದೆ ಹೋಗಿತ್ತು.

ನಗುವಿನ ಅಲೆ ಎದ್ದದ್ದು ಇಳಿಯಲು ತುಂಬಾ ಹೊತ್ತು ಹಿಡಿಯಿತು. ನ್ಯಾಯಾಧಿಕಾರಿ ತೀರ್ಪು ಹೇಳಲು ಮೂರು ಸಲ ಬಾಯಿ ತೆರೆದು, ಮೂರು ಸಲವೂ ಮುಖ ಮುಚ್ಚಿಕೊಂಡ. ಕೊನೆಗೆ ಹೇಳಿದ: ಶರಣಾದ ಊರು, ಹುಲ್ಲುಗಾವಲು ಊರವರದು, ಸಾಹುಕಾರ ದನ ಹೊಡೆದುಕೊಂಡು ಹೋಗತಕ್ಕದ್ದು. ಮೇಕೆಚರ್ಮದವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಎನಿಕಾ ಬಂದು ನುಮೇರಿಯಸನ ಬೆನ್ನು ಸವರಿ, “ಅವತ್ತು ಸ್ವಲ್ಪ ಜೋರಾಗೇ ಬಿತ್ತೇನ್ಲಾ ಮಗಾ?” ಎಂದಳು.

ಬೀಗರ ಕಡೆ ನೋಡಲು ನುಮೇರಿಯಸನಿಗೆ ಧೈರ್ಯ ಬರಲಿಲ್ಲ. ಬೊಕ್ಕತಲೆಯೇ ಕಣ್ಣೊರೆಸಿಕೊಳ್ಳುತ್ತ ಬಂದು ಅವನ ಹೆಗಲ ಮೇಲೆ ಕೈಹಾಕಿದ. “ಬೀಗರೇ, ಇಷ್ಟು ಜನರ ಮುಂದೆ ಅಜ್ಜಿ ಕೈಲಿ ಏಟು ತಿಂದೆ ಅಂತ ಒಪ್ಕೊಂಡ ಗಂಡಸು ನನಗಿನ್ಯಾವತ್ತೂ ಸುಳ್ಳು ಹೇಳಲ್ಲ. ಮದುವೆ ದಿನ ಗೊತ್ತು ಮಾಡಿ.” ತುರ್ಪಿಲಿಯಾ ತಲೆನೋವೆಂದು ಮೂರು ದಿನ ಮಲಗಿ, ಮಗ ಊಟ ಬಿಟ್ಟಿದ್ದಾನೆಂದು ತಿಳಿದು ನಾಲ್ಕನೆಯ ದಿನ ಎದ್ದು ಹೂವಿಗೆ ಹೇಳಿಕಳಿಸಿದಳು. ಮದುವೆ ಚೆನ್ನಾಗಿಯೇ ನಡೆಯಿತು. ನುಮೇರಿಯಸನಿಗೆ ನಾಲ್ಕನೆಯ ಹೆಸರೂ ಸಿಕ್ಕಿತು. ಓಣಿಯ ಜನ ಒಮ್ಮತದಿಂದ ಅವನನ್ನು ಸೌಟಪ್ಪ ಎಂದು ಕರೆಯತೊಡಗಿದ್ದರು.

ಆರು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ, ಎನಿಕಾ ಇಬ್ಬರು ಗಂಡಸರ ಜೊತೆ ಮತ್ತೆ ಬಂದಳು. ಅವರ ಹೆಗಲ ಮೇಲೆ ಗಿಣ್ಣಿನ ಗಡಿಗೆಗಳು, ಬಟ್ಟೆಯಲ್ಲಿ ಸುತ್ತಿದ ಕಂಚಿನ ಫಲಕವೊಂದು. “ಊರಿಗೆ ಊರೇ ಸೇರಿ ಬರೆಸಿದ್ದು. ನಮ್ಮ ದಿಕ್ಕು ಯಾರು ಅಂತ ಈ ಮನೆ ಗೋಡೆ ಮೇಲೆ ಇರ್ಬೇಕು” ಎಂದಳು.

ನುಮೇರಿಯಸ್ ಕುಣಿಯುವುದೊಂದು ಬಾಕಿ. ಕಂಚಿನಲ್ಲಿ ಕೊರೆದದ್ದನ್ನು ಯಾವ ಓಣಿಯ ಜನ ತಾನೆ ಅಳಿಸಿಯಾರು? ಒಗೆದ ಟೋಗಾ ಉಟ್ಟ. ಓಣಿಯವರನ್ನೆಲ್ಲ ಕರೆಸಿದ. ಬೀಗರಿಗೆ ಹೇಳಿಕಳಿಸಿದ. ಕ್ಷೌರಿಕನನ್ನು ಮುಂದೆಯೇ ನಿಲ್ಲಿಸಿದ. ಓದಲಿಕ್ಕೆ ಯೂಟಿಕಸನೇ ಬೇಕೆಂದು ಅವನನ್ನು ಹುಡುಕಿಸಿ ತರಿಸಿದ. ಫಲಕವನ್ನು ಗೋಡೆಗೆ ಹೊಡೆದದ್ದಾಯಿತು. ಬಟ್ಟೆ ಸರಿಯಿತು. ನುಮೇರಿಯಸ್ ಗದ್ದ ಎತ್ತಿ ನಿಂತ.

ಯೂಟಿಕಸ್ ಶಂಖ ಊದಿದ: “ನಮ್ಮ ಹುಲ್ಲು, ನಮ್ಮ ನೀರು, ನಮ್ಮ ಮಂದೆ ಉಳಿಸಿದ ನಮ್ಮ ಊರಿನ ದಿಕ್ಕು... ವಿಬಿದಿಯಾ ಬರ್ಗುಲ್ಲಾನಾ!”

ನುಮೇರಿಯಸನ ಗದ್ದ ಎತ್ತಿದ್ದಲ್ಲೇ ಉಳಿಯಿತು. “ತಪ್ಪು ಓದ್ತಿದೀಯ ಕಣೋ!”

“ಇಲ್ಲ ಸ್ವಾಮಿ, ಇಷ್ಟು ದಪ್ಪ ಅಕ್ಷರ.”

“ಅಜ್ಜೀ, ಹೇಳಿದ್ದು ನಾನಲ್ವಾ?”

“ನೀನು ಹೇಳ್ದೆ, ಸರಿ. ಹೇಳಿಸಿದ್ದು ಯಾರ್ಲಾ?” ಎಂದಳು ಎನಿಕಾ.

ವಿಬಿದಿಯಾ ಹಿಟ್ಟು ಮೆತ್ತಿದ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. “ಏನಂತ ಓದಿದ್ದು?” ಎಂದಳು. ಯೂಟಿಕಸ್ ಮತ್ತೆ ಮೊಳಗಿದ. ಅವಳು ಫಲಕದ ಹತ್ತಿರ ಹೋಗಿ, ಬೆರಳಿಂದ ಅಕ್ಷರಗಳನ್ನು ಒಂದೊಂದಾಗಿ ಮುಟ್ಟಿದಳು. ಕಂಚಿನ ಮೇಲೆಲ್ಲ ಬಿಳಿ ಹಿಟ್ಟು ಹತ್ತಿತು. “ಒಂದ್ಸಲ ಮೆಲ್ಲಗೆ ಓದಪ್ಪ” ಎಂದಳು. ಯೂಟಿಕಸ್ ಜೀವಮಾನದಲ್ಲಿ ಮೊದಲ ಬಾರಿಗೆ ಮೆಲ್ಲಗೆ ಓದಿದ. ಅವಳ ಮೂವರು ಹೆಣ್ಣುಮಕ್ಕಳು ಅಮ್ಮನ ಎರಡೂ ಪಕ್ಕ ಒತ್ತಿಕೊಂಡು ನಿಂತು ಕೇಳಿದರು.

ಅಂದಿನಿಂದ ಯೂಟಿಕಸ್ ಆ ಮನೆಯಲ್ಲೇ ಊಟಕ್ಕೆ ನಿಂತ. ವಿಬಿದಿಯಾ ಪೇಟೆಗೆ ಹೊರಟರೆ ಅವನು ಮುಂದೆ ಕೂಗಿಕೊಂಡು ಹೋಗುತ್ತಿದ್ದ, ನಡುವೆ ಅವಳು, ಹಿಂದೆ ಬುಟ್ಟಿ ಹಿಡಿದು ನುಮೇರಿಯಸ್. ಒಂದು ದಿನ ತರಕಾರಿ ಪೇಟೆಗೆ ಹೊಸದಾಗಿ ಬಂದ ವ್ಯಾಪಾರಿಯೊಬ್ಬ ಬಗ್ಗಿ ನಮಸ್ಕರಿಸಿ ಕೇಳಿದ: “ಬರ್ಗುಲ್ಲಾನಾ ಅಮ್ಮನವರು ಗೊತ್ತಾಯ್ತು. ಹಿಂದೆ ಬರ್ತಿರೋರು ಯಾರು?”

ಯೂಟಿಕಸ್ ತಿರುಗಿ ನೋಡಿದ. ಮೂರು ಹೆಸರೂ, ನಾಲ್ಕನೆಯದೂ, ಅದಕ್ಕೆ ಬದಲಾಗಿ ಬಂದ ಇನ್ನೊಂದೂ ಅವನಿಗೆ ಬಾಯಿಪಾಠವಿದ್ದವು. ಯಾವುದನ್ನು ಹೇಳುವುದೆಂದು ತಿಳಿಯದೆ ಸ್ವಲ್ಪ ತಡವರಿಸಿ, ಕೊನೆಗೆ ಹೇಳಿದ:

“ಅವರಾ? ಅಮ್ಮನವರ ಮನೆಯವರು.”